ಬೆಂಗಳೂರು ಎಫ್‌ಸಿ ಪ್ಲೇಆಫ್‌ಗೆ ಹೋಗುತ್ತಾ? ಸೀಸನ್ನಿಗೆ ಮುಂಚೆ ಹಾಕುವ ಲೆಕ್ಕ

(ಕೋಲಾರದಲ್ಲಿ ಫುಟ್‌ಬಾಲ್ ಆಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ)

ಕೋಲಾರದಲ್ಲಿ ನಿಂತು ಮುಂದಾಗುವುದನ್ನು ಹೇಳಲು ಹೊರಟವನು ಟೊಮೆಟೊದಿಂದಲೇ ಶುರು ಮಾಡಬೇಕು. 2023ರ ಜುಲೈನಲ್ಲಿ ಇಲ್ಲಿನ ಎಪಿಎಂಸಿಯಲ್ಲಿ 15 ಕೆ.ಜಿ. ಬಾಕ್ಸು 2,000 ರೂಪಾಯಿ ದಾಟಿತು. ಆ ರೇಟು ನೋಡಿ ನಾಟಿ ಹಾಕಿದವರ ಕಾಯಿ ಮಂಡಿಗೆ ಬರುವ ಹೊತ್ತಿಗೆ ರೇಟು ಎಲ್ಲಿಗೆ ಇಳಿದಿತ್ತು ಅಂತ ನಿಮಗೆ ನಾನು ಹೇಳಬೇಕಿಲ್ಲ. ನಾಟಿಗೂ ಮೊದಲ ಕೊಯ್ಲಿಗೂ ನಡುವೆ ಎರಡು, ಎರಡೂವರೆ ತಿಂಗಳು. ಇವತ್ತಿನ ರೇಟು ಇವತ್ತು ಕೊಯ್ದವನದ್ದು, ಇವತ್ತು ನೆಟ್ಟವನದ್ದಲ್ಲ.

ಫುಟ್‌ಬಾಲ್ ಸೀಸನ್ ಶುರುವಾಗುವ ಮುಂಚೆ ನಾವೆಲ್ಲ ಮಾಡುವುದು ಇದೇ ಕೆಲಸ. ಹೋದ ಸೀಸನ್ನಿನ ರೇಟು ನೋಡಿ ನಾಟಿ ಹಾಕುತ್ತೇವೆ. ಬೆಂಗಳೂರು ಎಫ್‌ಸಿ ಹೋದ ಸಲ ಫೈನಲ್ ಆಡಿತ್ತು, ಆದ್ದರಿಂದ ಈ ಸಲ ಪ್ಲೇಆಫ್ (ಲೀಗಿನ ಕೊನೆಗೆ ಮೇಲಿನ ತಂಡಗಳು ಮಾತ್ರ ಕಪ್‌ಗಾಗಿ ಆಡುವ ಸುತ್ತು) ಖಂಡಿತ. ಹೋದ ಸಲ ಹತ್ತನೇ ಸ್ಥಾನ, ಆದ್ದರಿಂದ ಈ ಸಲವೂ ಕಷ್ಟ. ಈ 'ಆದ್ದರಿಂದ' ಎಷ್ಟು ಸಲ ಕೈಕೊಟ್ಟಿದೆ ಅನ್ನುವುದನ್ನು ಲೆಕ್ಕ ಹಾಕಿ ತೋರಿಸುತ್ತೇನೆ. ಆಮೇಲೆ ಅದರ ಬದಲು ಏನು ಮಾಡಬಹುದು ಅಂತ ನೋಡೋಣ. ಪೆನ್ನು, ಪೇಪರು, ಮೊಬೈಲಿನ ಕ್ಯಾಲ್ಕುಲೇಟರ್ ಸಾಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. 'ಈ ಸಲ ಕಪ್ ನಮ್ದೇ' ಅನ್ನುವುದು ಭವಿಷ್ಯವಲ್ಲ, ಭಕ್ತಿ. ಅದರ ಬಗ್ಗೆ ನನ್ನ ತಕರಾರಿಲ್ಲ. 2008ರಿಂದ 2024ರವರೆಗೆ 17 ಐಪಿಎಲ್ ಸೀಸನ್ ಆರ್‌ಸಿಬಿಗೆ ಕಪ್ ಬರಲಿಲ್ಲ, 2025ರಲ್ಲಿ ಬಂತು. ಪ್ರತಿ ವರ್ಷ ಅದೇ ಮಾತು ಹೇಳಿಕೊಂಡು ಬಂದವರು ಆ ವರ್ಷ ಜ್ಞಾನಿಗಳಾಗಿಬಿಡಲಿಲ್ಲ, ಸಂತೋಷಪಟ್ಟರು, ಅಷ್ಟೇ. ಇವತ್ತು ನಾವು ಮಾತಾಡುವುದು ಭಕ್ತಿಯನ್ನು ಮನೆಯಲ್ಲಿಟ್ಟು ಬಂದವರ ಲೆಕ್ಕ.

ಮೊದಲು ಕೇಳಬೇಕಾದ ಪ್ರಶ್ನೆ 'ನಮ್ಮ ತಂಡ ಎಷ್ಟು ಚೆನ್ನಾಗಿದೆ' ಅಲ್ಲ, 'ಆರನೇ ಸ್ಥಾನದ ಬೆಲೆ ಎಷ್ಟು'. ಇಂಡಿಯನ್ ಸೂಪರ್ ಲೀಗಿನಲ್ಲಿ (ಐಎಸ್‌ಎಲ್) 2021-22ರವರೆಗೆ ಮೇಲಿನ ನಾಲ್ಕು ತಂಡ ಮಾತ್ರ ಸೆಮಿಫೈನಲಿಗೆ ಹೋಗುತ್ತಿದ್ದವು. 2022-23ರಿಂದ ಆರು ತಂಡಗಳ ಪದ್ಧತಿ ಬಂತು. ಮೊದಲ ಇಬ್ಬರು ನೇರ ಸೆಮಿಗೆ, 3ರಿಂದ 6ನೇ ಸ್ಥಾನದವರಿಗೆ ಒಂದೇ ಪಂದ್ಯದ ನಾಕೌಟ್, ಅದೂ ಮೇಲಿನ ಸ್ಥಾನದವರ ಅಂಗಳದಲ್ಲಿ. ಈ ಒಂದು ಬದಲಾವಣೆಯಿಂದ ಎಲ್ಲ ತಂಡಗಳ ಅವಕಾಶವೂ ಬದಲಾಯಿತು. 2021-22ರಲ್ಲಿ ಬೆಂಗಳೂರು 20 ಪಂದ್ಯದಲ್ಲಿ 29 ಅಂಕ ತೆಗೆದು ಆರನೇ ಸ್ಥಾನದಲ್ಲಿ ನಿಂತಿತು, ಮನೆಗೆ ಹೋಯಿತು. ಅದೇ ಆರನೇ ಸ್ಥಾನ ಮುಂದಿನ ವರ್ಷ ಬಂದಿದ್ದರೆ ನಾಕೌಟ್ ಆಡುತ್ತಿತ್ತು.

ಬೆಲೆ ನೋಡಿ. 2022-23ರಲ್ಲಿ ಆರನೆಯವರಾದ ಒಡಿಶಾ 20 ಪಂದ್ಯದಲ್ಲಿ 30, ಏಳನೆಯವರು 27. 2023-24ರಲ್ಲಿ ಆರನೆಯ ಚೆನ್ನೈಯಿನ್ 22 ಪಂದ್ಯದಲ್ಲಿ 27, ಏಳನೆಯ ನಾರ್ತ್‌ಈಸ್ಟ್ 26. 2024-25ರಲ್ಲಿ ಆರನೆಯ ಮುಂಬೈ ಸಿಟಿ 24 ಪಂದ್ಯದಲ್ಲಿ 36, ಏಳನೆಯ ಒಡಿಶಾ 33. ಪಂದ್ಯಗಳ ಸಂಖ್ಯೆ ಬೇರೆ ಬೇರೆ ಇರುವುದರಿಂದ ಒಟ್ಟು ಅಂಕ ಹೋಲಿಸಬೇಡಿ, ಪಂದ್ಯಕ್ಕೆ ಎಷ್ಟು ಅಂತ ಭಾಗಿಸಿ. ಆರನೆಯವರದ್ದು 1.50, 1.23, 1.50. ಏಳನೆಯವರದ್ದು 1.35, 1.18, 1.38. ಆರಕ್ಕೂ ಏಳಕ್ಕೂ ನಡುವಿನ ಗೆರೆ ಮೂರು ವರ್ಷದ ಸರಾಸರಿಯಲ್ಲಿ 1.36ರ ಹತ್ತಿರ ಬರುತ್ತದೆ. 24 ಪಂದ್ಯದ ಸೀಸನ್ನಿಗೆ 33 ಅಂಕ ಅಂತ ಬರೆದುಕೊಳ್ಳಿ.

ನಡುವಿನ ವರ್ಷ ಬೆಲೆ ಯಾಕೆ ಅಷ್ಟು ಇಳಿಯಿತು? ಆ ವರ್ಷ ಮೇಲಿನ ಮೂವರು, ಅಂದರೆ ಮೋಹನ್ ಬಾಗಾನ್, ಮುಂಬೈ, ಗೋವಾ, 48, 47, 45 ಅಂಕ ಬಾಚಿಕೊಂಡರು. ಪಂತಿಯಲ್ಲಿ ಮೊದಲು ಕೂತ ಮೂವರೇ ಹೋಳಿಗೆ ಖಾಲಿ ಮಾಡಿದಂತೆ, ನಡುವಿನವರಿಗೆ ಉಳಿದದ್ದೇ ಕಮ್ಮಿ. ಹಾಗಾಗಿ ಅಗ್ರ ತಂಡಗಳು ಬಲವಾಗಿವೆ ಅಂದರೆ ನಮ್ಮ ತಂಡಕ್ಕೆ ಪ್ಲೇಆಫ್ ಕಷ್ಟ ಅನ್ನುವುದು ಪೂರ್ತಿ ಸರಿಯಲ್ಲ. ಇಬ್ಬರು ಮೂವರು ಬಹಳ ಮುಂದೆ ಓಡಿದರೆ ಆರನೇ ಸ್ಥಾನ ಅಗ್ಗವಾಗುತ್ತದೆ. ನಡುವಿನ ಎಂಟು ತಂಡ ಒಂದೇ ತೂಕದವಾದರೆ ತುಟ್ಟಿಯಾಗುತ್ತದೆ.

ಈಗ 'ಹೋದ ಸಲದಂತೆ ಈ ಸಲ' ಅನ್ನುವುದನ್ನು ಪರೀಕ್ಷೆಗೆ ಹಾಕೋಣ. ಬೆಂಗಳೂರು ಎಫ್‌ಸಿ ಐಎಸ್‌ಎಲ್ ಸೇರಿದ್ದು 2017-18ರಲ್ಲಿ. ಅಲ್ಲಿಂದ 2024-25ರವರೆಗೆ ಎಂಟು ಸೀಸನ್ನಿನ ಅಂಕ ಹೀಗಿದೆ: ಮೊದಲ ಮೂರು ವರ್ಷ 18 ಪಂದ್ಯಗಳಲ್ಲಿ 40, 34, 30. ಆಮೇಲಿನ ಮೂರು ವರ್ಷ 20 ಪಂದ್ಯಗಳಲ್ಲಿ 22, 29, 34. 2023-24ರಲ್ಲಿ 22 ಪಂದ್ಯಕ್ಕೆ 22. 2024-25ರಲ್ಲಿ 24 ಪಂದ್ಯಕ್ಕೆ 38. ಪಂದ್ಯಕ್ಕೆ ಎಷ್ಟು ಅಂತ ಭಾಗಿಸಿದರೆ 2.22, 1.89, 1.67, 1.10, 1.45, 1.70, 1.00, 1.58.

ಈ ಸಾಲನ್ನು ಒಮ್ಮೆ ಮೇಲಿಂದ ಕೆಳಗೆ ಓದಿ. ಮಂಡಿ ರೇಟಿನ ಪಟ್ಟಿ ಓದಿದ ಹಾಗಿಲ್ಲವೇ?

ಪ್ರತಿ ವರ್ಷ 'ಹೋದ ಸಲದಷ್ಟೇ' ಅಂತ ಒಬ್ಬರು ಬರೆದಿಟ್ಟಿದ್ದರು ಅಂದುಕೊಳ್ಳಿ. ಏಳು ಸಲ ಬರೆಯುತ್ತಿದ್ದರು. ತಪ್ಪಿದ ಅಂತರಗಳು 0.33, 0.22, 0.57, 0.35, 0.25, 0.70, 0.58. ಕೂಡಿದರೆ 3.00, ಏಳರಿಂದ ಭಾಗಿಸಿದರೆ 0.43. 24 ಪಂದ್ಯದ ಸೀಸನ್ನಿಗೆ ಹಿಗ್ಗಿಸಿದರೆ ಸರಾಸರಿ 10 ಅಂಕದ ತಪ್ಪು. ಹತ್ತು ಅಂಕ ಅಂದರೆ ಎಷ್ಟು ಗೊತ್ತೇ? 2024-25ರಲ್ಲಿ 38 ಅಂಕ ಮೂರನೇ ಸ್ಥಾನ, 28 ಅಂಕ ಒಂಬತ್ತು–ಹತ್ತನೇ ಸ್ಥಾನ.

ಇನ್ನೊಬ್ಬರು ಫುಟ್‌ಬಾಲೇ ನೋಡದವರು. ಪ್ರತಿ ವರ್ಷ 'ಬೆಂಗಳೂರು ಸಾಧಾರಣ ತಂಡ' ಅಂತ ಕಣ್ಣುಮುಚ್ಚಿ ಬರೆಯುತ್ತಾರೆ. ಸಾಧಾರಣ ಅಂದರೆ ಎಷ್ಟು? ಗೆಲುವಿಗೆ 3, ಸೋಲಿಗೆ 0, ಡ್ರಾ ಆದರೆ ಇಬ್ಬರಿಗೂ 1. ನಾಲ್ಕು ಪಂದ್ಯಕ್ಕೆ ಒಂದು ಡ್ರಾ ಅಂತ ಹಿಡಿದರೆ ಪಂದ್ಯಕ್ಕೆ ತಂಡವೊಂದರ ಸರಾಸರಿ 1.37ರ ಆಸುಪಾಸು. ಏಳು ವರ್ಷವೂ 1.37 ಅಂತ ಬರೆದವರ ಸರಾಸರಿ ತಪ್ಪು 0.30, ಅಂದರೆ 24 ಪಂದ್ಯಕ್ಕೆ 7 ಅಂಕ. ಹೋದ ಸಲದ ಪಟ್ಟಿ ಬಾಯಿಪಾಠ ಮಾಡಿದವರಿಗಿಂತ, ಏನೂ ನೋಡದೆ ಸರಾಸರಿ ಬರೆದವರು ಗೆದ್ದರು. ಬೆಂಗಳೂರು ಅಭಿಮಾನಿಗಳಿಗೆ ಇದು ನುಂಗಲಾರದ ತುತ್ತು, ಆದರೆ ಅಂಕಿ ಮುಂದಿದೆ.

ಮೂರನೆಯವರು ಇವರಿಬ್ಬರ ನಡುವೆ ರಾಜಿ ಮಾಡುತ್ತಾರೆ: ಹೋದ ಸಲದ್ದು ಅರ್ಧ, ಸರಾಸರಿ ಅರ್ಧ. 2.22 ಬಂದ ಮರುವರ್ಷಕ್ಕೆ 2.22ನ್ನೂ 1.37ನ್ನೂ ಕೂಡಿ ಎರಡರಿಂದ ಭಾಗಿಸಿ 1.80 ಅಂತ ಬರೆಯುತ್ತಾರೆ. ನಿಜವಾಗಿ ಬಂದದ್ದು 1.89. ಹೀಗೆ ಏಳೂ ವರ್ಷ ಮಾಡಿದರೆ ತಪ್ಪು 0.28ಕ್ಕೆ ಇಳಿಯುತ್ತದೆ, 24 ಪಂದ್ಯಕ್ಕೆ 7 ಅಂಕಕ್ಕಿಂತ ಒಂದು ಎಳೆ ಕಮ್ಮಿ. ಏಳು ವರ್ಷ ಅನ್ನುವುದು ಚಿಕ್ಕ ಲೆಕ್ಕ, ಒಂದೇ ತಂಡದ್ದು ಬೇರೆ, ಅದನ್ನು ಒಪ್ಪುತ್ತೇನೆ. ಆದರೂ ಯಾವ ಲೀಗಿನಲ್ಲಾದರೂ ಇದೇ ದಿಕ್ಕು ಕಾಣುತ್ತದೆ. ಬಹಳ ಮೇಲೆ ಹೋದ ತಂಡಕ್ಕೆ ಆ ವರ್ಷ ಬಲದ ಜೊತೆ ಅದೃಷ್ಟವೂ ಕೂಡಿರುತ್ತದೆ. ಬಹಳ ಕೆಳಗೆ ಬಿದ್ದ ತಂಡಕ್ಕೆ ಕೊರತೆಯ ಜೊತೆ ದುರದೃಷ್ಟವೂ ಸೇರಿರುತ್ತದೆ. ಮುಂದಿನ ವರ್ಷಕ್ಕೆ ಬಲ ಬರುತ್ತದೆ, ಅದೃಷ್ಟ ಬರುವುದಿಲ್ಲ.

ಅದೃಷ್ಟ ಎಷ್ಟು ದೊಡ್ಡದು? ಇದನ್ನು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಮನೆಯಲ್ಲಿ ಒಂದು ಡಬ್ಬ ತೆಗೆದುಕೊಳ್ಳಿ. ಒಂದೇ ಅಳತೆಯ 20 ಚೀಟಿ ಕತ್ತರಿಸಿ. 8ರ ಮೇಲೆ 'ಗೆಲುವು', 5ರ ಮೇಲೆ 'ಡ್ರಾ', 7ರ ಮೇಲೆ 'ಸೋಲು' ಅಂತ ಬರೆದು ಒಂದೇ ಥರ ಮಡಚಿ. ಇದು ನೂರಕ್ಕೆ 40 ಗೆಲ್ಲುವ, 25 ಡ್ರಾ ಮಾಡುವ, 35 ಸೋಲುವ ತಂಡ. ಸರಾಸರಿಗಿಂತ ತುಸು ಮೇಲು. ಕಣ್ಣುಮುಚ್ಚಿ ಒಂದು ಚೀಟಿ ಎತ್ತಿ, ಅಂಕ ಬರೆದುಕೊಳ್ಳಿ, ಚೀಟಿ ವಾಪಸ್ ಹಾಕಿ, ಡಬ್ಬ ಕುಲುಕಿ, ಮತ್ತೆ ಎತ್ತಿ. 24 ಸಲ ಎತ್ತಿದರೆ ಒಂದು ಸೀಸನ್.

ಇದರಲ್ಲಿ ಎರಡು ತಪ್ಪು ಸಾಮಾನ್ಯ. ಒಂದು, ಚೀಟಿ ವಾಪಸ್ ಹಾಕದೆ ಇರುವುದು. ಹಾಗೆ ಮಾಡಿದರೆ ನಾಲ್ಕು ಸೋಲು ಬಂದ ಮೇಲೆ ಡಬ್ಬದಲ್ಲಿ ಸೋಲೇ ಕಮ್ಮಿಯಾಗಿ 'ಇನ್ನು ಗೆಲುವಿನ ಸರದಿ' ಆಗಿಬಿಡುತ್ತದೆ. ನಿಜವಾದ ಲೀಗಿನಲ್ಲಿ ಅಂಥ ಸರದಿ ಇಲ್ಲ. ಎರಡು, ಚೀಟಿ ಮಾಡುವ ಸೋಮಾರಿತನಕ್ಕೆ ಕಾಳು ಬಳಸುವುದು. ಅವರೆಕಾಳನ್ನೂ ಹುರುಳಿಯನ್ನೂ ಬೆರೆಸಿ ಕೈ ಹಾಕಿದರೆ ಬೆರಳಿಗೆ ಅವರೆಯೇ ಮೊದಲು ಸಿಗುವುದು. ಎಲ್ಲ ಒಂದೇ ಗಾತ್ರವಿರಬೇಕು. ಕಂಪ್ಯೂಟರ್ ಇದ್ದವರು ಎಕ್ಸೆಲ್‌ನಲ್ಲಿ 0ಯಿಂದ 1ರೊಳಗಿನ ಯಾದೃಚ್ಛಿಕ ಸಂಖ್ಯೆ ತರಿಸಿ, 0.40ಕ್ಕಿಂತ ಕಮ್ಮಿಯಾದರೆ 3, 0.65ಕ್ಕಿಂತ ಕಮ್ಮಿಯಾದರೆ 1, ಉಳಿದದ್ದಕ್ಕೆ 0 ಅಂತ ಸೂತ್ರ ಹಾಕಿ 24 ಸಾಲು ಎಳೆಯಬಹುದು.

ಇಂಥ 100 ಸೀಸನ್ ಆಡಿಸಿದರೆ ಸರಾಸರಿ 35ರ ಹತ್ತಿರ ಬರುತ್ತದೆ. ಆದರೆ ಒಂದೊಂದು ಸೀಸನ್ನೂ ಅದರಿಂದ ಆಚೀಚೆ ಓಡುತ್ತದೆ. ಮೂರರಲ್ಲಿ ಎರಡು ಸಲ 28ರಿಂದ 41ರೊಳಗೆ, ಉಳಿದ ಒಂದು ಸಲ ಅದರಿಂದಲೂ ಹೊರಗೆ. ಅಂದರೆ ಸುಮಾರು ಆರೂವರೆ ಅಂಕದ ಅಲುಗಾಟ. ನೆನಪಿಡಿ, ಇಲ್ಲಿ ಯಾರಿಗೂ ಗಾಯವಾಗಿಲ್ಲ, ಕೋಚ್ ಬದಲಾಗಿಲ್ಲ, ರೆಫರಿ ಮೋಸ ಮಾಡಿಲ್ಲ. ಡಬ್ಬದಲ್ಲಿ ಇರುವುದು ಅದೇ 20 ಚೀಟಿ. ಆದರೂ ಒಂದು ವರ್ಷ ಪತ್ರಿಕೆಯವರು 'ಭರ್ಜರಿ ಪುನರಾಗಮನ' ಅಂತ ಬರೆಯುತ್ತಾರೆ, ಇನ್ನೊಂದು ವರ್ಷ 'ಡ್ರೆಸ್ಸಿಂಗ್ ರೂಮಿನಲ್ಲಿ ಒಡಕು' ಅಂತ ಬರೆಯುತ್ತಾರೆ.

ಆರೂವರೆ ಅನ್ನುವುದು ಬರೀ ಅದೃಷ್ಟದ ಪಾಲು. ತಂಡದ ನಿಜವಾದ ಬಲ ನಮಗೆ ಸರಿಯಾಗಿ ಗೊತ್ತಿಲ್ಲ ಅನ್ನುವ ಅಜ್ಞಾನದ ಪಾಲೂ ಸೇರಿಸಬೇಕು. ಅರ್ಧ-ಅರ್ಧ ಲೆಕ್ಕದ ತಪ್ಪು ಸರಾಸರಿ 7 ಅಂಕದ ಹತ್ತಿರ ಬಂತಲ್ಲ, ಅದನ್ನು ಇದೇ ಅಲುಗಾಟದ ಅಳತೆಗೆ ಪರಿವರ್ತಿಸಿದರೆ ಎಂಟೂವರೆ ಆಗುತ್ತದೆ. ಸೀಸನ್ನಿಗೆ ಮುಂಚೆ ನಿಮ್ಮ ಅಂದಾಜಿನ ಎರಡೂ ಬದಿಗೆ ಈ ಎಂಟೂವರೆ ಬಿಡಲೇಬೇಕು. 'ಬೆಂಗಳೂರು 37 ಅಂಕ ತೆಗೆಯುತ್ತದೆ' ಅಂತ ಹೇಳುವವರನ್ನು ನಂಬಬೇಡಿ. '28ರಿಂದ 45' ಅಂದವರು ಹೇಡಿಯಂತೆ ಕಾಣುತ್ತಾರೆ, ಆದರೆ ಅವರೇ ಲೆಕ್ಕ ಬಲ್ಲವರು.

ಈಗ ಎರಡನ್ನೂ ಕೂಡಿಸೋಣ. 2023-24ರಲ್ಲಿ ಬೆಂಗಳೂರು 12 ತಂಡಗಳಲ್ಲಿ ಹತ್ತನೇ ಸ್ಥಾನ, ಪಂದ್ಯಕ್ಕೆ 1.00. ಮುಂದಿನ ಸೀಸನ್ನಿಗೆ ಅರ್ಧ-ಅರ್ಧ ಲೆಕ್ಕ 1.185, 24 ಪಂದ್ಯಕ್ಕೆ 28. ಗೆರೆ 33. ಐದು ಅಂಕ ಹಿಂದೆ. ಅಲುಗಾಟ ಎಂಟೂವರೆ ಇರುವಾಗ ಐದು ಅಂಕದ ಹಿನ್ನಡೆ ದಾಟುವ ಸಾಧ್ಯತೆ ನೂರಕ್ಕೆ 30ರ ಹತ್ತಿರ. ಅಂದಿನ ಬಾಯಿಮಾತಿನಲ್ಲಿ 'ಆಗಲ್ಲ ಬಿಡಿ' ಅಂತ ಮುಗಿಸಬಹುದಾದ ತಂಡಕ್ಕೆ ಲೆಕ್ಕ 30 ಕೊಡುತ್ತದೆ. ಆ ತಂಡ ಮೂರನೇ ಸ್ಥಾನಕ್ಕೆ ಬಂದು, ನಾಕೌಟಿನಲ್ಲಿ ಮುಂಬೈಯನ್ನು ಕಂಠೀರವದಲ್ಲಿ 5–0 ಹೊಡೆದು, ಗೋವಾವನ್ನು ದಾಟಿ, ಫೈನಲಿನಲ್ಲಿ ಮೋಹನ್ ಬಾಗಾನ್ ವಿರುದ್ಧ ಹೆಚ್ಚುವರಿ ಸಮಯದಲ್ಲಿ 2–1ರಿಂದ ಸೋತಿತು.

ಅದೇ ರೀತಿ 1.58ರ ಆ ಸೀಸನ್ನಿನ ಮೇಲೆ ನಿಂತು ಮುಂದಿನ 24 ಪಂದ್ಯದ ಸೀಸನ್ನಿಗೆ ಲೆಕ್ಕ ಹಾಕಿದರೆ? 1.475, ಅಂದರೆ 35. ಗೆರೆಗಿಂತ ಎರಡು ಅಂಕ ಮೇಲೆ. ಸಾಧ್ಯತೆ 60. ಫೈನಲ್ ಆಡಿದ ತಂಡಕ್ಕೆ ಬರೀ 60 ಅಂದರೆ ಅಭಿಮಾನಿಗಳು ಜಗಳಕ್ಕೆ ಬರುತ್ತಾರೆ. ಬರಲಿ. 13 ತಂಡದಲ್ಲಿ 6ಕ್ಕೆ ಅವಕಾಶ ಅಂದರೆ ಏನೂ ಗೊತ್ತಿಲ್ಲದ ತಂಡಕ್ಕೂ 46 ಇದ್ದೇ ಇದೆ. ಹೋದ ವರ್ಷದ ಫೈನಲ್ ಅದನ್ನು 60ಕ್ಕೆ ಏರಿಸಿತು. ಅದರ ಯೋಗ್ಯತೆ ಅಷ್ಟೇ.

ಈ 60ನ್ನು ಬದಲಾಯಿಸುವ ಸುದ್ದಿ ಯಾವುದು, ಬದಲಾಯಿಸದ ಸುದ್ದಿ ಯಾವುದು ಅನ್ನುವುದು ಮುಂದಿನ ಕೆಲಸ. ನನ್ನ ಪ್ರಕಾರ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ನಿಮಿಷಗಳು. ಒಂದು ತಂಡಕ್ಕೆ 24 ಪಂದ್ಯದಲ್ಲಿ 11 ಜನ, ತಲಾ 90 ನಿಮಿಷ: ಒಟ್ಟು 23,760 ನಿಮಿಷ. ಹೋದ ಸೀಸನ್ನಿನಲ್ಲಿ ಆಡಿ ಈ ಸೀಸನ್ನಿಗೂ ಉಳಿದವರ ನಿಮಿಷಗಳನ್ನು ಕೂಡಿ, ಇದರಿಂದ ಭಾಗಿಸಿ. ನೂರಕ್ಕೆ 70ಕ್ಕಿಂತ ಹೆಚ್ಚು ಉಳಿದಿದ್ದರೆ ಅರ್ಧ-ಅರ್ಧದ ಬದಲು ಹೋದ ಸಲಕ್ಕೆ 60, ಸರಾಸರಿಗೆ 40 ತೂಕ ಕೊಡುತ್ತೇನೆ. 50ಕ್ಕಿಂತ ಕಮ್ಮಿ ಉಳಿದಿದ್ದರೆ ತಿರುಗಿಸಿ 40–60. ಇದು ಶಾಸ್ತ್ರವಲ್ಲ, ಕೈಅಂದಾಜು. ಆದರೆ ಹೊಸ ಹೆಸರುಗಳ ಪಟ್ಟಿ ನೋಡಿ ಹುರುಪಾಗುವುದಕ್ಕಿಂತ ಮೇಲು.

ಹೊಸ ಸ್ಟ್ರೈಕರ್ ಬಂದಾಗ ಜನ ಮಾಡುವ ತಪ್ಪು ಇದು. ಒಂದು ತಂಡ 14 ಗೋಲು ಹೊಡೆದವನನ್ನು ಕಳೆದುಕೊಂಡಿತು ಅನ್ನಿ. '14 ಗೋಲು ಹೋಯಿತು, ಮುಗಿಯಿತು' ಅನ್ನುತ್ತಾರೆ. 14 ಹೋಗುವುದಿಲ್ಲ. ಅವನ ಜಾಗದಲ್ಲಿ ಯಾರೋ ಆಡುತ್ತಾರೆ, 8 ಹೊಡೆಯುತ್ತಾರೆ. ನಷ್ಟ 6. ಫುಟ್‌ಬಾಲಿನಲ್ಲಿ ಒರಟಾಗಿ ಮೂರು ಗೋಲಿಗೆ ಎರಡು ಅಂಕ ಅಂತ ಹಿಡಿಯಬಹುದು, ಯಾಕೆಂದರೆ ಎಷ್ಟೋ ಗೋಲು 3–0ಯನ್ನು 4–0 ಮಾಡಲು ಖರ್ಚಾಗುತ್ತದೆ. ಹಾಗಾಗಿ 6 ಗೋಲಿಗೆ 4 ಅಂಕ. ನಮ್ಮ 60ರ ತಂಡ ಈ 4 ಅಂಕ ಕಳೆದುಕೊಂಡರೆ 42ರ ಹತ್ತಿರ ಬರುತ್ತದೆ. ದೊಡ್ಡ ಇಳಿಕೆಯೇ, ಆದರೆ 'ಮುಗಿಯಿತು' ಅಲ್ಲ. ಗೋಲು ಎಣಿಸುವಾಗ ಪೆನಾಲ್ಟಿಗಳನ್ನು ಬೇರೆ ಇಡಿ. ನಾಲ್ಕರಲ್ಲಿ ಮೂರು ಪೆನಾಲ್ಟಿ ಹೇಗೂ ಗೋಲಾಗುತ್ತವೆ, ಒದೆಯುವವನು ಬದಲಾದರೆ ಆ ಗೋಲು ಅವನ ಜೊತೆ ಹೋಗುವುದಿಲ್ಲ.

ವಿದೇಶಿ ಆಟಗಾರರ ಬಗ್ಗೆ ಎರಡು ಮಾತು. 2021-22ರಿಂದ ಈಚಿನ ಸೀಸನ್‌ಗಳಲ್ಲಿ ಮೈದಾನದ ಮೇಲೆ ಒಮ್ಮೆಗೆ ನಾಲ್ವರು ವಿದೇಶಿಗಳು ಮಾತ್ರ. ಉಳಿದ ಏಳು ಜನ ಭಾರತೀಯರು. ಚರ್ಚೆಯೆಲ್ಲ ಆ ನಾಲ್ವರ ಮೇಲೆ, ಆದರೆ ಲೀಗಿನ ಉದ್ದಕ್ಕೂ ಬಾಗಿಲು ಕಾಯುವುದು ಗೋಲ್‌ಕೀಪರ್, ಇಬ್ಬರು ಸೈಡ್ ಬ್ಯಾಕ್‌ಗಳು, ಬೆಂಚಿನಲ್ಲಿ ಕೂತ ಹನ್ನೆರಡನೆಯ, ಹದಿಮೂರನೆಯ ಭಾರತೀಯ. ಹಾಗೆಂದು ಒಬ್ಬ ವಿದೇಶಿ ತಂಡವನ್ನು ಎತ್ತಲಾರ ಅಂತಲ್ಲ. ನಾರ್ತ್‌ಈಸ್ಟ್ ಯುನೈಟೆಡ್ 2022-23ರಲ್ಲಿ 20 ಪಂದ್ಯಕ್ಕೆ 5 ಅಂಕ ತೆಗೆದು ಕಟ್ಟಕಡೆಯಲ್ಲಿತ್ತು. ಮರುವರ್ಷ ಹೊಸ ಕೋಚ್, 26 ಅಂಕ. ಅದರ ಮರುವರ್ಷ ಮೊರಾಕ್ಕೊದ ಅಲಾದ್ದೀನ್ ಅಜಾರೈ ಬಂದು 23 ಗೋಲು ಹೊಡೆದ, ತಂಡ 38 ಅಂಕದೊಂದಿಗೆ ನಾಲ್ಕನೇ ಸ್ಥಾನಕ್ಕೆ ಬಂತು. ಆ 23ನ್ನು ಸೀಸನ್ನಿಗೆ ಮುಂಚೆ ಯಾರೂ ಬರೆಯಲಾಗದು. 10ರಿಂದ 12 ಅಂತ ಬರೆದರೆ ಅದೇ ಸರಿಯಾದ ಅಂದಾಜು, ತಪ್ಪಿದರೂ.

ಬೆಂಗಳೂರಿನ ಸ್ಟ್ರೈಕರ್ ಸುನಿಲ್ ಛೆಟ್ರಿಯದ್ದೂ ಇದೇ ಕಥೆ. 2024ರ ಜೂನ್‌ನಲ್ಲಿ ಅಂತಾರಾಷ್ಟ್ರೀಯ ಆಟಕ್ಕೆ ವಿದಾಯ ಹೇಳಿದರು, ಆಗಸ್ಟ್‌ನಲ್ಲಿ 40 ತುಂಬಿತು. 40 ವರ್ಷದ ಸ್ಟ್ರೈಕರಿಗೆ ಯಾವ ಲೆಕ್ಕವಾದರೂ 4–5 ಗೋಲು ಕೊಡುತ್ತದೆ. ಅವರು ಆ ಸೀಸನ್ನಿನಲ್ಲಿ 14 ಹೊಡೆದರು, 2025ರ ಮಾರ್ಚ್‌ನಲ್ಲಿ ರಾಷ್ಟ್ರೀಯ ತಂಡಕ್ಕೂ ವಾಪಸ್ ಬಂದರು. ಇದರಿಂದ '40ರ ಸ್ಟ್ರೈಕರುಗಳಿಗೆ ಇನ್ನು ಮುಂದೆ 14 ಬರೆಯೋಣ' ಅಂತ ಕಲಿತರೆ ಮುಂದಿನ ಸಲ ಹಳ್ಳಕ್ಕೆ ಬೀಳುತ್ತೀರಿ.

ಡ್ಯುರಾಂಡ್ ಕಪ್ ನೋಡಿ ಹೇಳಬಹುದೇ ಅಂತ ಕೆಲವರು ಕೇಳುತ್ತಾರೆ, ಯಾಕೆಂದರೆ ಕ್ಲಬ್‌ಗಳ ಆ ಟೂರ್ನಿ ಲೀಗಿಗೆ ಮುಂಚೆ ನಡೆಯುತ್ತದೆ. 2021ರಲ್ಲಿ ಗೆದ್ದ ಗೋವಾ ಲೀಗಿನಲ್ಲಿ ಒಂಬತ್ತನೇ ಸ್ಥಾನಕ್ಕೆ ಬಿತ್ತು. 2022ರಲ್ಲಿ ಗೆದ್ದ ಬೆಂಗಳೂರು ನಾಲ್ಕನೇ ಸ್ಥಾನ, 2023ರಲ್ಲಿ ಗೆದ್ದ ಮೋಹನ್ ಬಾಗಾನ್ ಮೊದಲನೇ ಸ್ಥಾನ, 2024ರಲ್ಲಿ ಗೆದ್ದ ನಾರ್ತ್‌ಈಸ್ಟ್ ನಾಲ್ಕನೇ ಸ್ಥಾನ. ನಾಲ್ಕಕ್ಕೆ ಮೂರು ಅಂದರೆ ಚೆನ್ನಾಗಿಯೇ ಇದೆ ಅನ್ನಿಸುತ್ತದೆ. ಆದರೆ ಲೀಗಿನ ಅರ್ಧ ತಂಡಗಳು ಹೇಗೂ ಪ್ಲೇಆಫ್‌ಗೆ ಹೋಗುತ್ತವೆ, ನಾಣ್ಯ ಚಿಮ್ಮಿದರೂ ನಾಲ್ಕಕ್ಕೆ ಎರಡು ಸರಿ ಬರುತ್ತದೆ. ಅದೂ ಅಲ್ಲದೆ ಕೆಲವು ಕ್ಲಬ್‌ಗಳು ಅಲ್ಲಿಗೆ ಎರಡನೇ ತಂಡ ಕಳಿಸುತ್ತವೆ. ಯಾರು ಗೆದ್ದರು ಅನ್ನುವುದಕ್ಕಿಂತ ಯಾವ ಹನ್ನೊಂದು ಜನ ಆಡಿದರು ಅಂತ ನೋಡಿ, ಒಂದು ಎರಡು ಅಂಕ ಸರಿಸಿ, ಸಾಕು.

ಕೋಚ್ ಬದಲಾವಣೆ. ಈ ಎಂಟು ಸೀಸನ್ನಿನಲ್ಲಿ ಬೆಂಗಳೂರು ಎರಡು ಸಲ ಸೀಸನ್ ನಡುವೆ ಕೋಚ್ ಬಿಟ್ಟಿತು: 2021ರ ಜನವರಿಯಲ್ಲಿ ಕಾರ್ಲೆಸ್ ಕ್ವಾಡ್ರಾಟ್, 2023ರ ಡಿಸೆಂಬರಿನಲ್ಲಿ ಸೈಮನ್ ಗ್ರೇಸನ್. ಕಾಕತಾಳೀಯವೋ ಏನೋ, ಎರಡೂ ಸೀಸನ್ 22 ಅಂಕಕ್ಕೆ ಮುಗಿದವು. ಕೋಚ್ ಹೋದದ್ದರಿಂದ ಅಂಕ ಬರಲಿಲ್ಲ ಅಂತ ಓದಬೇಡಿ, ಅಂಕ ಬರದ್ದರಿಂದ ಕೋಚ್ ಹೋದರು. ಮೊದಲನೆಯದಕ್ಕೆ ಇನ್ನೊಂದು ಕಾರಣವೂ ಇದೆ. 2020-21, 2021-22 ಎರಡು ಸೀಸನ್ ಕೋವಿಡ್‌ನಿಂದಾಗಿ ಪೂರ್ತಿ ಗೋವಾದಲ್ಲೇ ನಡೆದವು. ಬೆಂಗಳೂರಿಗೆ ಕಂಠೀರವ ಇಲ್ಲ, ಅಭಿಮಾನಿಗಳು ಕೂರುವ ವೆಸ್ಟ್ ಬ್ಲಾಕಿನ ಕೂಗು ಇಲ್ಲ.

ಅಂಕಿಯ ಲೆಕ್ಕಕ್ಕೆ ಎಂದೂ ಸಿಗದ ಒಂದು ವಿಷಯ ಇದೆ, ಹಣ. ಹೈದರಾಬಾದ್ ಎಫ್‌ಸಿ 2021-22ರ ಚಾಂಪಿಯನ್. 2022-23ರಲ್ಲಿ 42 ಅಂಕ, ಎರಡನೇ ಸ್ಥಾನ. 2023-24ರಲ್ಲಿ 22 ಪಂದ್ಯಕ್ಕೆ 8 ಅಂಕ, ಕೊನೆಯ ಸ್ಥಾನ. ಹಣಕಾಸಿನ ಬಿಕ್ಕಟ್ಟು ಬಂದು ಆಟಗಾರರು ಒಬ್ಬೊಬ್ಬರೇ ಹೊರಟುಹೋದರು. 42ರ ತಂಡಕ್ಕೆ ಅರ್ಧ-ಅರ್ಧ ಲೆಕ್ಕ ಹಾಕಿದವರು 22 ಪಂದ್ಯಕ್ಕೆ 38 ಅಂತ ಬರೆದಿರುತ್ತಾರೆ, 30 ಅಂಕದ ತಪ್ಪು. ನನ್ನ ಎಂಟೂವರೆಯ ಅಲುಗಾಟ ಅಲ್ಲಿ ನಗೆಪಾಟಲು. ಕ್ಲಬ್ಬಿನಲ್ಲಿ ಸಂಬಳ ಸರಿಯಾಗಿ ಬರುತ್ತಿದೆಯೇ, ಹೊಸ ನೋಂದಣಿಗೆ ನಿಷೇಧ ಇದೆಯೇ ಅನ್ನುವ ಸಣ್ಣ ಸುದ್ದಿಯನ್ನು ಹೊಸ ಸ್ಟ್ರೈಕರಿನ ದೊಡ್ಡ ಸುದ್ದಿಗಿಂತ ಮೊದಲು ಓದಬೇಕು.

ಕ್ಲಬ್ ಇರಲಿ, ಲೀಗೇ ಇದೆಯೋ ಇಲ್ಲವೋ ಅಂತ ಕೇಳಬೇಕಾದ ಕಾಲವೂ ಬಂತು. 2025ರ ಜುಲೈನಲ್ಲಿ ಲೀಗ್ ನಡೆಸುವ ಹಕ್ಕಿನ ಒಪ್ಪಂದದ ನವೀಕರಣ ಆಗದೆ ಐಎಸ್‌ಎಲ್ ಅನ್ನೇ ತಡೆಹಿಡಿದರು. ಅಷ್ಟರಲ್ಲಿ ಭವಿಷ್ಯ ಬರೆದಿಟ್ಟವರದ್ದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗಾಯಿತು. ಕೊನೆಗೆ 14 ತಂಡ, ಒಂದೇ ಸುತ್ತು, 91 ಪಂದ್ಯ, 2026ರ ಫೆಬ್ರುವರಿ 14ರಿಂದ ಅಂತ ತೀರ್ಮಾನವಾಯಿತು. ತಂಡಕ್ಕೆ 13 ಪಂದ್ಯ. ಹಾಗಾಗಿಯೇ ನಾನು ಮೇಲಿನ ಲೆಕ್ಕಕ್ಕೆ ಎರಡು ಸುತ್ತಿನ ಪೂರ್ತಿ ಸೀಸನ್‌ಗಳನ್ನು ಮಾತ್ರ ಹಿಡಿದದ್ದು.

13 ಪಂದ್ಯ ಅಂದರೆ ಲೆಕ್ಕ ಹೇಗೆ ಬದಲಾಗುತ್ತದೆ ನೋಡಿ. ಅದೇ ಡಬ್ಬದಿಂದ 13 ಚೀಟಿ ಎತ್ತಿ. ಸರಾಸರಿ 19, ಅಲುಗಾಟ ಐದಕ್ಕೆ ತುಸು ಕಮ್ಮಿ. ಪಂದ್ಯಗಳು ಹತ್ತಿರಹತ್ತಿರ ಅರ್ಧಕ್ಕೆ ಇಳಿದವು, ಒಳ್ಳೆಯ ತಂಡಕ್ಕೂ ಸಾಧಾರಣ ತಂಡಕ್ಕೂ ನಡುವಿನ ಅಂತರವೂ ಅರ್ಧವಾಯಿತು, ಆದರೆ ಅದೃಷ್ಟ ಅರ್ಧವಾಗಲಿಲ್ಲ, ಆರೂವರೆಯಿಂದ ಐದಕ್ಕೆ ಇಳಿಯಿತು ಅಷ್ಟೇ. ಜೊತೆಗೆ 13 ಬೆಸ ಸಂಖ್ಯೆ. ಮನೆಯಂಗಳದ ಪಂದ್ಯಗಳನ್ನೂ ಹೊರಗಿನವನ್ನೂ ಸಮನಾಗಿ ಹಂಚಲು ಬರುವುದಿಲ್ಲ, ಯಾರನ್ನು ಮನೆಯಲ್ಲಿ ಎದುರಿಸುತ್ತೀರಿ, ಯಾರನ್ನು ಹೊರಗೆ ಅನ್ನುವುದೇ ಒಂದು ಲಾಟರಿ. ಚಿಕ್ಕ ಸೀಸನ್ನಿಗೆ ಬರೆಯುವಾಗ ಎಲ್ಲರ ಸಂಖ್ಯೆಯನ್ನೂ ಏನೂ ಗೊತ್ತಿಲ್ಲದ ತಂಡದ ಸಾಧ್ಯತೆಯ ಕಡೆಗೆ ಎಳೆಯಿರಿ.

ಸಮ ಅಂಕ ಬಂದಾಗ ಏನು ಅನ್ನುವುದನ್ನೂ ನಿಯಮದಲ್ಲಿ ಓದಿಕೊಳ್ಳಿ. ಐಎಸ್‌ಎಲ್‌ನಲ್ಲಿ ಮೊದಲು ನೋಡುವುದು ಒಟ್ಟು ಗೋಲು ವ್ಯತ್ಯಾಸವಲ್ಲ, ಆ ಎರಡು ತಂಡಗಳ ಮುಖಾಮುಖಿ ಫಲಿತಾಂಶ. 2018-19ರಲ್ಲಿ ಬೆಂಗಳೂರು, ಗೋವಾ ಎರಡೂ 34. ಗೋಲು ವ್ಯತ್ಯಾಸದಲ್ಲಿ ಗೋವಾ ಮುಂದಿತ್ತು, ಪಟ್ಟಿಯ ತುದಿಯಲ್ಲಿ ಕೂತದ್ದು ಬೆಂಗಳೂರು, ಗೋವಾವನ್ನು ಎರಡೂ ಸಲ ಸೋಲಿಸಿದ್ದರಿಂದ.

ನಡುವೆ ಒಬ್ಬರು ಕೇಳಿದರು: ಸೀಸನ್ ಅರ್ಧ ಮುಗಿದ ಮೇಲಾದರೂ ಖಚಿತವಾಗಿ ಹೇಳಬಹುದಲ್ಲ? 2022-23ನ್ನು ತೆಗೆದುಕೊಳ್ಳಿ. ಬೆಂಗಳೂರು ಮೊದಲ 12 ಪಂದ್ಯದಲ್ಲಿ 10 ಅಂಕ, 8 ಸೋಲು. ಉಳಿದದ್ದು 8 ಪಂದ್ಯ. ಆ ವರ್ಷ ಒಳಗೆ ಬರಲು 28 ಬೇಕಾಯಿತು, ಅಂದರೆ 8 ಪಂದ್ಯದಲ್ಲಿ 18. ಪಂದ್ಯಕ್ಕೆ 1.4 ತೆಗೆಯುವ ತಂಡಕ್ಕೆ 8 ಪಂದ್ಯದಲ್ಲಿ ಸರಾಸರಿ 11, ಅಲುಗಾಟ ಸುಮಾರು ನಾಲ್ಕು. 18 ಮುಟ್ಟುವ ಸಾಧ್ಯತೆ ನೂರಕ್ಕೆ ನಾಲ್ಕೈದು. ಅವರು ಎಂಟಕ್ಕೆ ಎಂಟೂ ಗೆದ್ದರು, 24 ಅಂಕ ತೆಗೆದರು, 34ರೊಂದಿಗೆ ನಾಲ್ಕನೆಯವರಾದರು. ಆಮೇಲೆ ನಾಕೌಟಿನಲ್ಲಿ ಛೆಟ್ರಿ ಹೆಚ್ಚುವರಿ ಸಮಯದಲ್ಲಿ ತಟ್ಟನೆ ಒದ್ದ ಫ್ರೀಕಿಕ್, ಕೇರಳ ಬ್ಲಾಸ್ಟರ್ಸ್ ಮೈದಾನ ಬಿಟ್ಟು ಹೋದದ್ದು ನಿಮಗೆಲ್ಲ ಗೊತ್ತು. ಅದಕ್ಕೆ ಯಾವ ಡಬ್ಬದಲ್ಲೂ ಚೀಟಿ ಇಲ್ಲ. 12 ಪಂದ್ಯದ ಕೊನೆಗೆ 5 ಅಂತ ಬರೆದವರು ಸರಿಯಾಗಿಯೇ ಬರೆದಿದ್ದರು.

ಬರೆದದ್ದು ಸರಿಯೋ ತಪ್ಪೋ ಅಂತ ಅಳೆಯಲು ಒಂದು ಸುಲಭ ವಿಧಾನ ಇದೆ. ಪ್ರತಿ ತಂಡಕ್ಕೂ ಸೀಸನ್ನಿಗೆ ಮುಂಚೆ ಒಂದು ಸಾಧ್ಯತೆ ಬರೆಯಿರಿ, 0.60, 0.30 ಹೀಗೆ. ಕೂಡಿದರೆ ಮೊತ್ತ 6 ಬರಬೇಕು, ಯಾಕೆಂದರೆ ಆರೇ ಜಾಗ ಇರುವುದು. ಹೆಚ್ಚಿನವರದ್ದು ಇಲ್ಲೇ ಎಡವುತ್ತದೆ. ಕೂಡಿ ನೋಡಿದರೆ ಎಂಟು, ಎಂಟೂವರೆ ಬಂದಿರುತ್ತದೆ, ಅಂದರೆ ಆರು ಕುರ್ಚಿಗೆ ಎಂಟು ಜನರನ್ನು ಕೂರಿಸಿರುತ್ತಾರೆ. ಸೀಸನ್ ಮುಗಿದ ಮೇಲೆ, ಹೋದ ತಂಡಕ್ಕೆ 1, ಹೋಗದ ತಂಡಕ್ಕೆ 0 ಹಿಡಿದು ನಿಮ್ಮ ಸಂಖ್ಯೆಯನ್ನು ಅದರಿಂದ ಕಳೆದು ವರ್ಗ ಮಾಡಿ. 0.60 ಬರೆದು ತಂಡ ಹೋದರೆ ದಂಡ 0.16, ಹೋಗದಿದ್ದರೆ 0.36. 0.95 ಅಂತ ಎದೆ ತಟ್ಟಿ ಬರೆದು ತಂಡ ಹೋಗದಿದ್ದರೆ 0.90. ಎಲ್ಲ ತಂಡಗಳ ದಂಡ ಕೂಡಿ ತಂಡಗಳ ಸಂಖ್ಯೆಯಿಂದ ಭಾಗಿಸಿ. ಎಲ್ಲದಕ್ಕೂ 0.50 ಬರೆದವರಿಗೆ 0.25 ಬರುತ್ತದೆ. ನಿಮ್ಮದು ಅದಕ್ಕಿಂತ ಕಮ್ಮಿ ಬಂದರೆ ನಿಮಗೆ ಏನೋ ಗೊತ್ತಿದೆ, ಹೆಚ್ಚು ಬಂದರೆ ನೀವು ಇನ್ನೂ ಮಂಡಿ ರೇಟು ನೋಡಿ ನಾಟಿ ಹಾಕುತ್ತಿದ್ದೀರಿ. ಬರೆದ ಹಾಳೆಗೆ ತಾರೀಕು ಹಾಕಿ ಬೇರೆಯವರ ಕೈಗೆ ಕೊಡಿ. ನಮ್ಮ ಹತ್ತಿರವೇ ಇಟ್ಟುಕೊಂಡರೆ ಡಿಸೆಂಬರಿನಲ್ಲಿ 0.60 ನಮಗೇ ಗೊತ್ತಾಗದಂತೆ 0.40 ಆಗಿರುತ್ತದೆ.

ಕಪ್ ಬಗ್ಗೆ ಕೇಳಿಯೇ ಕೇಳುತ್ತೀರಿ. 60ರ ತಂಡ ಮೂರರಿಂದ ಆರರೊಳಗೆ ಬಂದರೆ ನಾಕೌಟಿಗೆ ಅರ್ಧ, ಎರಡು ಪಂದ್ಯದ ಸೆಮಿಗೆ ಅರ್ಧಕ್ಕಿಂತ ತುಸು ಕಮ್ಮಿ, ಫೈನಲಿಗೂ ಹಾಗೆಯೇ. 0.60, 0.50, 0.45, 0.45 ಗುಣಿಸಿದರೆ ನೂರಕ್ಕೆ 6. ಮೊದಲ ಎರಡರಲ್ಲಿ ಬಂದರೆ ಒಂದು ಮೆಟ್ಟಿಲು ಉಳಿಯುತ್ತದೆ, ಅದನ್ನು ಸೇರಿಸಿ 8 ಅನ್ನಿ. ಆದರೆ ಬೆಂಗಳೂರು ಎಂಟು ಸೀಸನ್ನಿನಲ್ಲಿ ಐದು ಸಲ ಪ್ಲೇಆಫ್‌ಗೆ ಹೋಗಿ ನಾಲ್ಕು ಸಲ ಫೈನಲ್ ಮುಟ್ಟಿದೆಯಲ್ಲ ಅನ್ನಬಹುದು. ನಿಜ. ಅದರಲ್ಲಿ ಮೊದಲ ಎರಡು ಸಲ ಪಟ್ಟಿಯ ತುದಿಯಲ್ಲಿದ್ದು ಹೋದದ್ದು, ಆಗ ನಾಕೌಟ್ ಮೆಟ್ಟಿಲೇ ಇರಲಿಲ್ಲ. ನಾಲ್ಕು ಫೈನಲಿನಲ್ಲಿ 2018ರದ್ದು 3–2ಕ್ಕೆ ಹೋಯಿತು, 2023ರದ್ದು ಪೆನಾಲ್ಟಿಯಲ್ಲಿ ಹೋಯಿತು, 2025ರದ್ದು ಹೆಚ್ಚುವರಿ ಸಮಯದಲ್ಲಿ ಹೋಯಿತು. ಕೈಗೆ ಬಂದದ್ದು 2019ರದ್ದು ಒಂದೇ, ಅದೂ 117ನೇ ನಿಮಿಷದಲ್ಲಿ ರಾಹುಲ್ ಭೆಕೆ ತಲೆಯಿಂದ.